ಬಲ್ಬಿನ ತಂತಿ ಮತ್ತು ಪ್ಲಾಸ್ಮಾ

ಅಟ್ಟ ಗುಡಿಸುವಾಗ ಸಿಕ್ಕ ಹಳೆಯ ಬಲ್ಬಿನ ಸುರುಳಿ ತಂತಿಯನ್ನು ಬೆಳಕಿಗೆ ಹಿಡಿದು ನೋಡಿದಾಗ, ಇದೇ ಟಂಗ್‌ಸ್ಟನ್ ಲೋಹವು ದಕ್ಷಿಣ ಫ್ರಾನ್ಸಿನ ವೆಸ್ಟ್ ಎಂಬ ಟೋಕಮ್ಯಾಕ್‌ನಲ್ಲಿ (ಸೂರ್ಯನಲ್ಲಿ ನಡೆಯುವಂತೆ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಪ್ರಯೋಗಗಳ ಉಂಗುರಾಕಾರದ ಯಂತ್ರ) 2025ರ ಫೆಬ್ರುವರಿ 12ರಂದು 1,337 ಸೆಕೆಂಡುಗಳ ಕಾಲ ಪ್ಲಾಸ್ಮಾಕ್ಕೆ, ಅಂದರೆ ವಿದ್ಯುದಾವೇಶಗೊಂಡ ಅತಿಬಿಸಿ ಅನಿಲಕ್ಕೆ, ಎದುರಾಗಿ ನಿಂತದ್ದು ನೆನಪಾಯಿತು. ಸುಮಾರು 3,422 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಈ ಲೋಹ ಕೋಟಿಗಟ್ಟಲೆ ಡಿಗ್ರಿಯ ಪ್ಲಾಸ್ಮಾವನ್ನು ತಾನೇ ಹಿಡಿದಿಡುವುದಿಲ್ಲ. ಆ ಕೆಲಸ ಕಾಂತಕ್ಷೇತ್ರದ್ದು. ಆದರೆ ಅಂಚಿನಿಂದ ಸೋರಿದ ಶಾಖವೂ ಕಣಗಳೂ ಬಂದು ಬೀಳುವ ಡೈವರ್ಟರ್ ಎಂಬ ಭಾಗದಲ್ಲಿ, ಪ್ರತಿ ಚದರ ಮೀಟರಿಗೆ 10 ಮೆಗಾವ್ಯಾಟ್‌ನಷ್ಟು ಹೊರೆಯನ್ನು ಟಂಗ್‌ಸ್ಟನ್ ಬಿಲ್ಲೆಗಳು ಹೊತ್ತು, ತಮ್ಮೊಳಗೆ ಹಾಯ್ದ ತಾಮ್ರದ ಮಿಶ್ರಲೋಹದ ಕೊಳವೆಯ ನೀರಿಗೆ ದಾಟಿಸಬೇಕಾಗುತ್ತದೆ. (ಕೀರ್ತಿಯಲ್ಲಿ ಅರ್ಧ ಪಾಲು ಆ ನೀರಿಗೂ ಸಲ್ಲಬೇಕೆಂದು ನನಗನ್ನಿಸುತ್ತದೆ.)

ಕರಗದಿದ್ದ ಮಾತ್ರಕ್ಕೆ ಕಷ್ಟ ತೀರಲಿಲ್ಲ. ದೀರ್ಘಕಾಲ ಕಾದರೆ ಲೋಹದ ಹರಳುಗಳು ಮರುರೂಪ ತಾಳಿ ಅದು ಪೆಡಸಾಗುತ್ತದೆ, ಹೀಲಿಯಂ ತಾಗಿದ ಬಿಸಿ ಮೇಲ್ಮೈಯಲ್ಲಿ ಪಾಚಿಯಂತಹ ಸೂಕ್ಷ್ಮ ನಾರು ಬೆಳೆಯುತ್ತದೆ, ಮತ್ತು 74 ಪ್ರೋಟಾನುಗಳ ಈ ಭಾರದ ಪರಮಾಣುಗಳು ಸವೆದು ಪ್ಲಾಸ್ಮಾದ ನಡುವಿಗೆ ಸೇರಿದರೆ ಶಕ್ತಿಯನ್ನು ವಿಕಿರಣವಾಗಿ ಚೆಲ್ಲಿ ಒಲೆಯನ್ನೇ ತಣ್ಣಗಾಗಿಸುತ್ತವೆ. ಇಷ್ಟೆಲ್ಲ ತಿಳಿದೂ ಫ್ರಾನ್ಸಿನಲ್ಲೇ ಹಲವು ದೇಶಗಳು ಸೇರಿ ಕಟ್ಟುತ್ತಿರುವ ಬೃಹತ್ ಟೋಕಮ್ಯಾಕ್ ಆದ ಐಟರ್ ಯೋಜನೆಯವರು ಒಳಗೋಡೆಗೆ ಬೆರಿಲಿಯಂ ಕೈಬಿಟ್ಟು ಟಂಗ್‌ಸ್ಟನ್ ಆರಿಸಿದ್ದಾರೆ. ಬಲ್ಬನ್ನು ಎಸೆಯದೆ ಕಪಾಟಿನಲ್ಲಿಟ್ಟೆ.