ಮಗಳ ಊರಿನ ದಾರಿ

"ಅಲ್ಲಿ ಏನನ್ನೂ ಬೇಡಬೇಡ. ಮಗಳ ಮನೆಗೆ ಹೋದವರು ಬೇಡುತ್ತಾರೇನು? ಆರಾಮ ಇದ್ದಾಳೋ ನೋಡಿ, ಉಡಿ ತುಂಬಿ ಬಾ."

ಹೊರಡುವ ದಿನ ಗಂಟನ್ನು ನನ್ನ ತಲೆಯ ಮೇಲಿಟ್ಟು ಅವ್ವ ಹೇಳಿದ್ದು ಇಷ್ಟೇ. ಗಂಟಿನಲ್ಲಿ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಹಸಿರು ಬಳೆ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಅರಿಶಿನ ಕುಂಕುಮ. ಹತ್ತೊಂಬತ್ತು ವರ್ಷ ಅದನ್ನು ಹೊತ್ತು ಶ್ರೀಶೈಲಕ್ಕೆ ನಡೆದವಳು ಅವಳು. ಈ ಸಲ ಮೊಣಕಾಲು ಅವಳ ಮಾತು ಕೇಳಲಿಲ್ಲ.

ಯುಗಾದಿಗೆ ಪಾದಯಾತ್ರೆ ಹೊರಡುವ ಬಾಗಲಕೋಟೆ, ವಿಜಯಪುರದ ಕಡೆಯವರಿಗೆ ಶ್ರೀಶೈಲದ ದೇವಿ ಭ್ರಮರಾಂಬೆ ಮನೆಮಗಳು, ಅವಳ ಗಂಡ ಮಲ್ಲಯ್ಯ, ಅಂದರೆ ಮಲ್ಲಿಕಾರ್ಜುನ, ಅಳಿಯ. 12 ಜ್ಯೋತಿರ್ಲಿಂಗಗಳಲ್ಲಿ ಒಂದು, 18 ಶಕ್ತಿಪೀಠಗಳಲ್ಲಿ ಒಂದು ಎಂಬ ಹಿರಿಮೆ ಆ ಕ್ಷೇತ್ರಕ್ಕಿದೆ. ಆದರೆ ನಮ್ಮವರ ಬಾಯಲ್ಲಿ ಮೊದಲು ಬರುವುದು ನೆಂಟಸ್ತನ. ಅಕ್ಕಮಹಾದೇವಿ ಇದೇ ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದು ನಂಬಿ ಶ್ರೀಶೈಲದ ಕದಳಿ ವನಕ್ಕೆ ನಡೆದಳು. ನಮಗೆ ಅಷ್ಟು ಧೈರ್ಯವೆಲ್ಲಿಯದು? ಅಳಿಯನೆಂದುಕೊಂಡು ಬದುಕುತ್ತೇವೆ.

ರಾಯಚೂರು, ತುಂಗಭದ್ರೆ, ಆತ್ಮಕೂರು ದಾಟುವ ಹೊತ್ತಿಗೆ ಹತ್ತು ದಿನ ಮೀರಿತ್ತು. ವೆಂಕಟಾಪುರದಿಂದ ಮುಂದೆ ನಲ್ಲಮಲದ ಕಾಡು. ನಾಗಲೂಟಿಯ ವೀರಭದ್ರನಿಗೆ ಕೈಮುಗಿದು, ಪೆದ್ದಚೆರುವಿನ ಬಳಿ ರಾತ್ರಿ ಕಳೆದೆವು. ನಾನು ಹೇಳಬೇಕೆಂದಿರುವುದು ಮರುದಿನದ ನಡಿಗೆಯ ಮಾತು.

ನಸುಕಿನಲ್ಲಿ ಎದ್ದು ಗಂಟು ಕಟ್ಟುತ್ತಿದ್ದಾಗ ಒಬ್ಬ ಮುದುಕಿ ಬಂದು ನಿಂತಳು. ಆ ಕಾಡಿನ ಚೆಂಚು ಜನಾಂಗದವಳು. ಗಂಟಿನ ಬಾಯಿಂದ ಇಣುಕುತ್ತಿದ್ದ ಸೀರೆಯ ಕೆಂಪು ಸೆರಗನ್ನು ಬೆರಳ ತುದಿಯಿಂದ ಮುಟ್ಟಿ, "ಅಮ್ಮವಾರಿಕಾ?" (ಅಮ್ಮನವರಿಗಾ?) ಎಂದು ಕೇಳಿದಳು. ಹೌದೆಂದೆ. ತನ್ನ ಸೆರಗಿನ ಗಂಟು ಬಿಚ್ಚಿ ಐದು ರೂಪಾಯಿಯ ನಾಣ್ಯ ತೆಗೆದು ನನ್ನ ಅಂಗೈಯಲ್ಲಿಟ್ಟಳು. ತೆಲುಗು ಬಲ್ಲ ನಮ್ಮ ತಂಡದ ಅಣ್ಣ ಅವಳ ಮಾತನ್ನು ತಿಳಿಸಿದರು: ಮಲ್ಲಯ್ಯ ಲಗ್ನವಾದದ್ದು ಚೆಂಚರ ಹುಡುಗಿಯನ್ನು, ಅವನು ತಮಗೂ ಅಳಿಯ, ಉಡಿಯಲ್ಲಿ ಇದೂ ಇರಲಿ.

ನಾನು ತಡಮಾಡದೆ ಬಗ್ಗಿ ಅವಳ ಕಾಲು ಮುಟ್ಟಿದೆ. ಇಷ್ಟು ದಿನ ಕಾಡನ್ನು ದಾಟಬೇಕಾದ ದಾರಿ ಎಂದೇ ಎಣಿಸಿದ್ದೆ. ಅದು ಬೀಗರ ಊರು.

ಬಿಸಿಲೇರಿದಂತೆ ಸಾಗುವಾನಿಯ ಒಣಗಿದ ಎಲೆಗಳು ಕಾಲಡಿ ಚರಚರ ಎನ್ನತೊಡಗಿದವು. ಎಡ ಹಿಮ್ಮಡಿಯ ಬೊಬ್ಬೆ ಒಡೆದಿತ್ತು. ನಡುದಾರಿಯ ದಾಸೋಹದಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ. ಅಲ್ಲಿ ನನ್ನ ಅಪ್ಪನ ವಯಸ್ಸಿನವರೊಬ್ಬರು ನೆಲದ ಮೇಲೆ ಕುಳಿತು, ಬಂದವರ ಪಾದ ತೊಳೆದು ಎಣ್ಣೆ ಹಚ್ಚುತ್ತಿದ್ದರು. ಬೇಡವೆಂದು ಕಾಲು ಹಿಂದೆಗೆದೆ. "ಅವ್ವಾ, ನನ್ನ ಸೇವೆ ತಪ್ಪಿಸಬೇಡ" ಎಂದರು. ಕಾಲು ಚಾಚಿದೆ. ಸೇವೆ ಮಾಡುವುದಕ್ಕಿಂತ ಮಾಡಿಸಿಕೊಳ್ಳುವುದಕ್ಕೆ ಹೆಚ್ಚು ವಿನಯ ಬೇಕೆಂದು ಅಂದು ಗೊತ್ತಾಯಿತು.

ಆಮೇಲೆ ಭೀಮನ ಕೊಳ್ಳ. ಇಳಿಯುವಾಗ ಮೊಣಕಾಲು ನಡುಗುತ್ತದೆ, ಏರುವಾಗ ಎದೆ ಬಡಿಯುತ್ತದೆ. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದವನೆಂದು 14ನೆಯ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮನ ಹೆಸರು ಉಳಿದಿದೆ. ಇಲ್ಲಿನ ಸವೆದ ಕಲ್ಲುಗಳ ಮೇಲೆ ಕೈಯೂರಿದಾಗ, ಎಷ್ಟು ತಲೆಮಾರಿನ ಅಂಗೈಗಳು ಇಲ್ಲಿ ಊರಿವೆಯೋ ಎಂದು ಮೈ ಜುಮ್ಮೆಂದಿತು.

ಒಂದು ಸಂಗತಿ ಮುಚ್ಚಿಟ್ಟಿದ್ದೆ. ಅವ್ವ ಬೇಡಬೇಡ ಎಂದರೂ ನಾನು ಬೇಡಿಕೆಯೊಂದನ್ನು ಇಟ್ಟುಕೊಂಡೇ ಹೊರಟಿದ್ದೆ. ಎರಡು ವರ್ಷದಿಂದ ಮಾತು ಬಿಟ್ಟ ತಮ್ಮ ಮತ್ತೆ ಮನೆಗೆ ಬರಲಿ ಎಂಬುದು ಅದು. ಮನೆಯಿಂದ ದಿನಕ್ಕೆ ಹತ್ತು ಸಲ ಅದನ್ನೇ ಮನಸ್ಸಿನಲ್ಲಿ ಒಪ್ಪಿಸುತ್ತ ಬಂದಿದ್ದೆ. ಆ ಏರಿನಲ್ಲಿ ಮಾತ್ರ ಒಂದು ಹೆಜ್ಜೆಗೆ "ಮಲ್ಲಯ್ಯಾ", ಮತ್ತೊಂದಕ್ಕೆ ಉಸಿರು. ಬೇರೆ ಯಾವುದಕ್ಕೂ ಎಡೆಯಿರಲಿಲ್ಲ. ಕೈಲಾಸ ದ್ವಾರ ತಲುಪಿ ಕಲ್ಲಿಗೆ ಒರಗಿದ ಎಷ್ಟೋ ಹೊತ್ತಿನ ಮೇಲೆ ತಮ್ಮನ ನೆನಪಾಯಿತು. ಅಳು ಬಂತು. ಬೇಡಬೇಕೆನಿಸಲಿಲ್ಲ. ಊಟ ಮಾಡಿದ್ದಾನೋ ಇಲ್ಲವೋ ಎಂದಷ್ಟೇ ಅನಿಸಿತು.

ಕತ್ತಲಾದ ಮೇಲೆ ಗಂಟು ಬಿಚ್ಚಿದೆ. ಸೀರೆಯ ಒಂದು ಮಡಿಕೆ ನನ್ನ ಬೆವರಿಗೆ ತೇವವಾಗಿತ್ತು. ಗಾಳಿಗೆ ಹರವಿ, ಆರಿದ ಮೇಲೆ ಮಡಚಿ, ಉತ್ತತ್ತಿಯ ಪಕ್ಕದಲ್ಲಿ ಆ ಐದು ರೂಪಾಯಿಯನ್ನು ಇಟ್ಟು ಮತ್ತೆ ಕಟ್ಟಿದೆ. ಬೆಳಗಾದರೆ ಹಾಟಕೇಶ್ವರನ ಗುಡಿ, ಆಮೇಲೆ ಮಗಳ ಮನೆ.