ತಂತ್ರಾಂಶ ಕೊಳ್ಳುವ ಮುನ್ನ ಮೌಸ್ ತೆಗೆದಿಡಿ

ಕಾಫಿ ಕೊಯ್ಲು ಶುರುವಾಗುವುದಕ್ಕೆ ಮೊದಲೇ ಹಾಜರಿ ಮತ್ತು ಬಟವಾಡೆಯ ಹಳೆಯ ತಂತ್ರಾಂಶವನ್ನು ಬದಲಿಸಬೇಕೆಂದು ನಾನು ಕೆಲಸ ಮಾಡುವ ಸಂಸ್ಥೆ ಈ ವರ್ಷ ತೀರ್ಮಾನಿಸಿತು. ಚಿಕ್ಕಮಗಳೂರು ಪೇಟೆಯಲ್ಲಿರುವ ನಮ್ಮ ಕಚೇರಿಗೆ ಆಲ್ದೂರು, ಬಾಳೆಹೊನ್ನೂರು ಕಡೆಯ ತೋಟಗಳಿಂದ ಚೆಕ್‌ರೋಲ್ ಬರುತ್ತದೆ. ತೋಟದ ಲೆಕ್ಕ ಬರೆಯುವ ರೈಟರುಗಳು ಈ ಚೆಕ್‌ರೋಲಿನಲ್ಲಿ ಬರೆದು ಕಳಿಸಿದ ಹಾಜರಿ, ಕೊಯ್ದ ಹಣ್ಣಿನ ತೂಕ, ಕೊಟ್ಟ ಮುಂಗಡ ಎಲ್ಲವನ್ನೂ ಇಲ್ಲಿ ಕೂಡಿ ಕಳೆದು ಕೂಲಿಯ ಲೆಕ್ಕ ಮಾಡಲಾಗುತ್ತದೆ. ಈ ಲೆಕ್ಕವನ್ನು ನೋಡಿಕೊಳ್ಳುವ ನಮ್ಮ ಸಹೋದ್ಯೋಗಿಗೆ ಕಣ್ಣು ಕಾಣುವುದಿಲ್ಲ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಎಂಬ ಅಂಧ ತಂತ್ರಜ್ಞ 2006ರಲ್ಲಿ ಆರಂಭಿಸಿದ, ಇಂದಿಗೂ ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ, ಅವರು ಕೀಬೋರ್ಡಿನಲ್ಲೇ ಎಲ್ಲವನ್ನೂ ಮಾಡುತ್ತಾರೆ. ಹೀಗಿರುವಾಗ, ಹೊಸ ತಂತ್ರಾಂಶ ಅವರ ಕೈಗೆ ಒಗ್ಗುತ್ತದೆಯೇ ಎಂಬ ಪ್ರಶ್ನೆಯನ್ನು ಹಣ ಕೊಟ್ಟ ಮೇಲೆ ಕೇಳಿ ಪ್ರಯೋಜನವಿಲ್ಲ.

ಮಾರಲು ಬಂದವರೆಲ್ಲರೂ ತಮ್ಮದು ‘ಪೂರ್ತಿ ಆ್ಯಕ್ಸೆಸಿಬಲ್’, ಅಂದರೆ ಅಂಗವಿಕಲರೂ ಸುಗಮವಾಗಿ ಬಳಸಬಹುದಾದದ್ದು, ಎಂದೇ ಹೇಳಿದರು. ಪ್ರಾತ್ಯಕ್ಷಿಕೆಯನ್ನು ಕೊಡುವವರು ತಮಗೆ ಚೆನ್ನಾಗಿ ಪಳಗಿದ ಪರದೆಗಳನ್ನು, ತಮ್ಮದೇ ಮಾದರಿ ದತ್ತಾಂಶವನ್ನು ಹಾಕಿಕೊಂಡು, ಮೌಸ್ ಹಿಡಿದು ಸರಸರನೆ ತೋರಿಸಿಕೊಂಡು ಹೋಗುತ್ತಾರೆ. ಅದನ್ನು ನೋಡಿ ಕೊಳ್ಳುವವನು ತಿಳಿಯುವುದು ಬಹಳ ಕಡಿಮೆ. ಆದ್ದರಿಂದ ನಾವು ಎಲ್ಲರಿಗೂ ಒಂದೇ ಷರತ್ತು ಹಾಕಿದೆವು: ಮೌಸನ್ನು ಪಕ್ಕಕ್ಕಿಟ್ಟು, ನಾವು ಕೊಡುವ ಒಂದು ವಾರದ ಚೆಕ್‌ರೋಲನ್ನು ತೆಗೆದುಕೊಂಡು, ಲಾಗಿನ್‌ನಿಂದ ಹಿಡಿದು ಕೂಲಿ ಚೀಟಿ ಮುದ್ರಣವಾಗುವವರೆಗೆ ಇಡೀ ಕೆಲಸವನ್ನು ಮಾಡಿ ತೋರಿಸಬೇಕು, ಆಮೇಲೆ ಅದೇ ಕೆಲಸವನ್ನು ನಮ್ಮ ಸಹೋದ್ಯೋಗಿ ತಮ್ಮ ಗಣಕದಲ್ಲಿ ಮಾಡುತ್ತಾರೆ, ಯಾರೂ ನಡುವೆ ಬಾಯಿ ಹಾಕಬಾರದು.

ಈ ಷರತ್ತಿಗೆ ಒಪ್ಪಿದವರಲ್ಲೂ ಒಬ್ಬರು ಮೊದಲ ಪರದೆಯಲ್ಲೇ ಸಿಕ್ಕಿಹಾಕಿಕೊಂಡರು. ದಿನಾಂಕ ಆರಿಸುವ ಕ್ಯಾಲೆಂಡರಿನೊಳಗೆ ಟ್ಯಾಬ್ ಕೀಲಿಯಿಂದ ಒಳಹೋಗಬಹುದಿತ್ತು, ಹೊರಬರಲು ದಾರಿಯಿರಲಿಲ್ಲ. ಕೀಬೋರ್ಡಿನಿಂದ ಎಲ್ಲ ಕೆಲಸವೂ ಸಾಧ್ಯವಾಗಬೇಕು, ಎಲ್ಲಿಯೂ ಬಳಕೆದಾರ ಸಿಕ್ಕಿಕೊಳ್ಳಬಾರದು ಎಂಬುದು ಜಾಲ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿಯ ಅತ್ಯಂತ ಕೆಳಗಿನ ‘ಎ’ ಹಂತದ ನಿಯಮ, ಅದರ 2.0 ಆವೃತ್ತಿ ಬಂದದ್ದೇ 2008ರಲ್ಲಿ. ಇನ್ನೊಂದು ತಂತ್ರಾಂಶದಲ್ಲಿ ಉಳಿಸುವ, ಅಳಿಸುವ, ಮುದ್ರಿಸುವ ಗುಂಡಿಗಳೆಲ್ಲ ಬರೀ ಚಿತ್ರಗಳಾಗಿದ್ದವು, ಹೆಸರಿರಲಿಲ್ಲ. ಎನ್‌ವಿಡಿಎ ಮೂರನ್ನೂ ‘ಬಟನ್’, ‘ಬಟನ್’, ‘ಬಟನ್’ ಎಂದು ಓದಿತು. ನೂರಾರು ಜನರ ಕೂಲಿಯ ಲೆಕ್ಕದಲ್ಲಿ ಯಾವುದು ಅಳಿಸುವ ಗುಂಡಿ ಎಂದು ಊಹಿಸಿ ಒತ್ತುವ ಧೈರ್ಯ ಯಾರಿಗಿದೆ? ಹಾಜರಿಯ ಕೋಷ್ಟಕದಲ್ಲಿ ಗೈರುಹಾಜರಿಯನ್ನು ಕೇವಲ ಕೆಂಪು ಬಣ್ಣದಿಂದ ಗುರುತಿಸಿದ್ದು ಮತ್ತೊಂದು ದೋಷ, ಬಣ್ಣಗುರುಡು ಇರುವವರಿಗೂ ಅದು ತೊಡಕೇ.

ನಮ್ಮಲ್ಲಿ ಯಾರೂ ಸಾಮಾನ್ಯವಾಗಿ ಪರೀಕ್ಷಿಸದ, ಆದರೆ ಕನ್ನಡದ ಕಚೇರಿಗಳಿಗೆ ಎಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುವ ಸಂಗತಿ ಅಕ್ಷರದ್ದು. ಗಣಕದಲ್ಲಿ ಕನ್ನಡ ಬರೆಯಲು ಬಳಸುವ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿತ್ತು. ಕಣ್ಣಿಗೆ ಅದು ಸ್ವಚ್ಛವಾದ ಕನ್ನಡ. ಗಣಕದ ಮಟ್ಟಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು, ಸ್ಕ್ರೀನ್ ರೀಡರ್ ಓದುವುದೂ ಅದನ್ನೇ. ನುಡಿ ಮತ್ತು ಬರಹ ಎರಡೂ, ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯುನಿಕೋಡಿಗೆ ಬಂದು ವರ್ಷಗಳೇ ಆಗಿದ್ದರೂ, ಕೂಲಿ ಚೀಟಿಯನ್ನು ಮಾತ್ರ ಹಳೆಯ ಫಾಂಟಿನಲ್ಲೇ ಮುದ್ರಿಸುವ ತಂತ್ರಾಂಶ ನಮ್ಮ ಮುಂದೆಯೂ ಬಂತು. ಇದನ್ನು ಕಂಡುಹಿಡಿಯಲು ಪರಿಣತಿ ಬೇಕಿಲ್ಲ. ಪರದೆಯಿಂದ ಒಂದು ಸಾಲನ್ನು ನಕಲಿಸಿ ವಾಟ್ಸ್ಯಾಪಿನಲ್ಲಿ ಅಂಟಿಸಿ ನೋಡಿದರೆ ಸಾಕು. ಕನ್ನಡ ಕನ್ನಡವಾಗಿಯೇ ಉಳಿಯದಿದ್ದರೆ ಆ ಚೀಟಿ ಕಿವಿಯಿಂದ ಓದುವವರಿಗಲ್ಲ.

ತೋಟದ ಕಡೆಯ ಕಷ್ಟಗಳು ಬೇರೆ. ನಮ್ಮ ರೈಟರುಗಳಲ್ಲಿ ಹಲವರು ಐವತ್ತು ದಾಟಿದವರು, ಫೋನಿನ ಅಕ್ಷರವನ್ನು ದೊಡ್ಡದು ಮಾಡಿಕೊಂಡೇ ಓದುವವರು. ಅಕ್ಷರ ಇಮ್ಮಡಿಯಾದಾಗ ಒಂದು ಆ್ಯಪಿನ ‘ಉಳಿಸು’ ಗುಂಡಿ ಪರದೆಯಿಂದಲೇ ಹೊರಗೆ ಹೋಯಿತು. ಬಿಳಿಯ ಮೇಲೆ ತೆಳುಬೂದು ಅಕ್ಷರ ಕಣದ ಬಿಸಿಲಿನಲ್ಲಿ ಯಾರಿಗೂ ಕಾಣುವುದಿಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸವಿರಬೇಕೆಂದು ಡಬ್ಲ್ಯುಸಿಎಜಿಯ ‘ಎ’ಗಿಂತ ಮೇಲಿನ ‘ಎಎ’ ಹಂತದ ನಿಯಮ ಕೇಳುತ್ತದೆ. ಬೆರಳಚ್ಚಿನ ಹಾಜರಿಯಂತೂ, ವರ್ಷಗಟ್ಟಲೆ ಮಣ್ಣು, ಕತ್ತಿ, ಕಾಫಿ ಗಿಡಗಳ ನಡುವೆ ಸವೆದ ಕೈಗಳನ್ನು ಹಲವು ಬಾರಿ ಗುರುತಿಸುವುದೇ ಇಲ್ಲ. ಗುರುತಿಗೆ ದೇಹದ ಒಂದೇ ಲಕ್ಷಣವನ್ನು ನೆಚ್ಚಬಾರದು ಎಂದು ಸುಗಮ್ಯತೆಯ ಐರೋಪ್ಯ ಮಾನಕ ಇಎನ್ 301 549 ಸ್ಪಷ್ಟವಾಗಿ ಹೇಳುತ್ತದೆ, ನಮ್ಮ ದೇಶದ ಐಎಸ್ 17802 ಮಾನಕ ಅದನ್ನು ಆಧರಿಸಿಯೇ 2021 ಮತ್ತು 2022ರಲ್ಲಿ ಎರಡು ಭಾಗಗಳಾಗಿ ಬಂದಿದೆ.

ಕಾಗದಪತ್ರಗಳ ವಿಷಯಕ್ಕೆ ಬಂದರೆ, ಮಾರುವವರಿಂದ ವಿಪ್ಯಾಟ್ ಎಂಬ ನಮೂನೆಯನ್ನು ತುಂಬಿಸಿ ಕೇಳಿ ಪಡೆಯಬಹುದು (ಮತಯಂತ್ರದ ವಿವಿಪ್ಯಾಟ್ ಅಲ್ಲ, ಅಮೆರಿಕದ ಮಾಹಿತಿ ತಂತ್ರಜ್ಞಾನ ಉದ್ಯಮಗಳ ಮಂಡಳಿ ರೂಪಿಸಿದ ಸುಗಮ್ಯತೆಯ ವರದಿಯ ನಮೂನೆ). ಪ್ರತಿಯೊಂದು ನಿಯಮದ ಎದುರು ಅದು ಪೂರ್ತಿ ಪಾಲನೆಯಾಗಿದೆಯೇ, ಭಾಗಶಃ ಆಗಿದೆಯೇ, ಇಲ್ಲವೇ ಎಂದು ಅಲ್ಲಿ ಬರೆಯಬೇಕು. ಎಲ್ಲದಕ್ಕೂ ‘ಪೂರ್ತಿ’ ಎಂದು ಬರೆದು ಷರಾ ಕಾಲಮನ್ನು ಖಾಲಿ ಬಿಟ್ಟ ವರದಿಗಿಂತ, ‘ಈ ಪರದೆಯಲ್ಲಿ ಈ ದೋಷವಿದೆ’ ಎಂದು ಒಪ್ಪಿಕೊಂಡ ವರದಿಯನ್ನೇ ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಅದನ್ನು ಬರೆದವರು ನಿಜವಾಗಿ ಪರೀಕ್ಷಿಸಿರುತ್ತಾರೆ. ವರದಿ ಯಾವ ಆವೃತ್ತಿಯದು, ಯಾವ ಸ್ಕ್ರೀನ್ ರೀಡರ್ ಇಟ್ಟುಕೊಂಡು ನೋಡಿದ್ದು ಎಂಬುದನ್ನೂ ಗಮನಿಸಬೇಕು. ಯಂತ್ರವೇ ನಡೆಸುವ ತಪಾಸಣೆಯ ಅಂಕಗಳನ್ನು ತೋರಿಸುವವರೂ ಇದ್ದಾರೆ. ಚಿತ್ರಕ್ಕೆ ವಿವರಣೆ ಇದೆಯೋ ಇಲ್ಲವೋ ಎಂಬುದನ್ನು ಯಂತ್ರ ಹೇಳೀತು, ಆ ವಿವರಣೆಗೆ ಅರ್ಥವಿದೆಯೇ ಎಂಬುದನ್ನು ಹೇಳಲಾರದು.

ನಮ್ಮಂಥ ಖಾಸಗಿ ಸಂಸ್ಥೆಗೆ ಇದೆಲ್ಲ ಏಕೆ ಎಂದು ಆಡಳಿತದವರೊಬ್ಬರು ಕೇಳಿದರು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21ನೇ ಕಲಮು ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆನ್ನುತ್ತದೆ, ಸರ್ಕಾರಿ ಖಾಸಗಿ ಎಂಬ ಭೇದ ಅಲ್ಲಿಲ್ಲ ಎಂದೆ. ಅದಕ್ಕಿಂತ, ಆ ಲೆಕ್ಕವನ್ನು ಅಷ್ಟು ಚೊಕ್ಕವಾಗಿ ಮಾಡುವವರು ಬೇರೆ ಯಾರಿದ್ದಾರೆ ಎಂಬ ಮರುಪ್ರಶ್ನೆ ಅವರಿಗೆ ಬೇಗ ನಾಟಿತು.

ಕೊನೆಗೆ ಆರಿಸಿದ ತಂತ್ರಾಂಶವೂ ದೋಷಮುಕ್ತವಲ್ಲ. ಮುಂಗಡ ಕಡಿತದ ಪರದೆಯಲ್ಲಿ ದೃಢೀಕರಣದ ಪೆಟ್ಟಿಗೆ ತೆರೆದಾಗ ಸ್ಕ್ರೀನ್ ರೀಡರ್ ಅದನ್ನು ಗಮನಿಸದೆ ಹಿಂದಿನ ಪರದೆಯನ್ನೇ ಓದುತ್ತಿರುತ್ತದೆ. ಆದರೆ ಅದನ್ನು ತಯಾರಿಸಿದವರು ನಮ್ಮ ಸಹೋದ್ಯೋಗಿಯ ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡು ದೋಷವನ್ನು ಬರೆದುಕೊಂಡರು. ಖರೀದಿ ಆದೇಶದಲ್ಲಿ ನಾವು ಡಬ್ಲ್ಯುಸಿಎಜಿ 2.1ರ ‘ಎಎ’ ಹಂತವನ್ನು ಹೆಸರಿಸಿ, ಉಳಿದ ದೋಷಗಳ ಪಟ್ಟಿಯನ್ನು ಲಗತ್ತಿಸಿ, ಕೊಯ್ಲಿಗೆ ಮುನ್ನ ಅವು ಸರಿಯಾಗಬೇಕೆಂದೂ, ವಾರ್ಷಿಕ ನಿರ್ವಹಣೆಯ ಅವಧಿಯಲ್ಲಿ ಬರುವ ಪ್ರತಿ ಹೊಸ ಆವೃತ್ತಿಯನ್ನೂ ಇದೇ ರೀತಿ ಪರೀಕ್ಷಿಸಲು ಕೊಡಬೇಕೆಂದೂ ಬರೆದಿದ್ದೇವೆ. ಕೊನೆಯ ಕಂತನ್ನು ಬಿಡುಗಡೆ ಮಾಡುವ ಟಿಪ್ಪಣಿಗೆ ಆ ಸಹೋದ್ಯೋಗಿಯೇ ಸಹಿ ಹಾಕಬೇಕು.