ಒಂದು ಫೌಲು, ಒಂದು ಕಡ್ಲೆ ಮಿಠಾಯಿ

ಶಾಲೆಯ ಸಂಚಿಕೆಗೆ ನೆನಪು ಬರೆದುಕೊಡಿ ಅಂತ ಕೇಳಿದಾಗ ನಾನು ಮೊದಲು ಹೇಳಿದ್ದು, "ನಾನು ಆಡಿದವಳಲ್ಲ, ಕೂತವಳು" ಅಂತ. ನಿಜವೇ. ಖೋಖೋ ತಂಡದಲ್ಲಿ ಹನ್ನೆರಡು ಜನ. ಅಂಕಣಕ್ಕೆ ಇಳಿಯೋದು ಒಂಬತ್ತು. ಮಿಕ್ಕ ಮೂವರಲ್ಲಿ ಕೊನೆಯವಳು ನಾನು. ನೀರಿನ ಕೊಡ, ಎಲ್ಲರ ಚಪ್ಪಲಿ, ಕಿವಿಯ ಓಲೆ, ಕಾಲ್ಗೆಜ್ಜೆ, ಎಲ್ಲಾ ನನ್ನ ಸುಪರ್ದಿಗೆ. ಜೊತೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್. ಯಾರು ಯಾರನ್ನು ಎಷ್ಟನೇ ನಿಮಿಷದಲ್ಲಿ ಔಟ್ ಮಾಡಿದರು ಅಂತ ಅದರಲ್ಲಿ ಬರೆಯಬೇಕಿತ್ತು. ಆ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ಹೋದ ವರ್ಷ, 2025ರಲ್ಲಿ, ಹಳೆಯ ವಿದ್ಯಾರ್ಥಿಗಳ ಸಂಘದವರು ಕ್ರೀಡಾ ಸಾಧಕರಿಗೂ ಕಲಿಸಿದ ಮೇಷ್ಟ್ರುಗಳಿಗೂ ಸನ್ಮಾನ ಮಾಡೋಣ ಅಂತ ಹೊರಟಾಗ ನನ್ನನ್ನು ಹುಡುಕಿಕೊಂಡು ಬಂದದ್ದು ಅದಕ್ಕೇ.

ನಮ್ಮ ತಾಲ್ಲೂಕು ತಿರುಮಕೂಡಲು ನರಸೀಪುರ. ಖೋಖೋ ಅಂದರೆ ಈ ಕಡೆ ಜನಕ್ಕೆ ಒಂಥರಾ ಹುಚ್ಚು. ಅದಕ್ಕೆ ಹೊರಗಿನವರ ಸರ್ಟಿಫಿಕೇಟ್ ಏನೂ ಬೇಕಿರಲಿಲ್ಲ. ಆದರೂ 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದು, ನಮ್ಮ ಕುರುಬೂರಿನ ಚೈತ್ರಾ ಗೆದ್ದ ತಂಡದಲ್ಲಿದ್ದಾಳೆ ಅಂತ ಪೇಪರಿನಲ್ಲಿ ಬಂದಾಗ ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ಖೋಖೋ ತಜ್ಞರಾಗಿಬಿಟ್ಟರು. ಜನವರಿ 19ರ ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಲ್ಲಿ ಸೋಲಿಸಿದರು. ಅದೇ ದಿನ ಗಂಡುಮಕ್ಕಳೂ ನೇಪಾಳದ ಮೇಲೇ ಗೆದ್ದರು. ನಾನು ನಮ್ಮ ಪಿ.ಟಿ. ಮೇಷ್ಟ್ರಿಗೆ ಫೋನ್ ಮಾಡಿದೆ. ಅವರಿಗೆ ಖುಷಿ ಒಂದು ಕಡೆ, ಸಿಟ್ಟು ಒಂದು ಕಡೆ. "ಎಪ್ಪತ್ತೆಂಟು ಪಾಯಿಂಟಾ? ಖೋಖೋನಾ ಇದು, ಬಾಸ್ಕೆಟ್‌ಬಾಲಾ?" ಅಂದರು. ಈಗ ಒಂದು ಔಟಿಗೆ ಎರಡು ಪಾಯಿಂಟು ಸರ್, ಆಡೋದು ಮ್ಯಾಟ್ ಮೇಲೆ, ಅಂಕಣದಲ್ಲಿ ಏಳೇ ಜನ ಅಂದೆ. "ಮ್ಯಾಟ್ ಮೇಲೆ ಮಂಡಿ ತರಚಲ್ವಲ್ಲ, ಅದೊಂದು ಒಳ್ಳೇದು" ಅಂತ ಫೋನ್ ಇಟ್ಟರು.

ನಮ್ಮ ಕಾಲದ ಅಂಕಣ ಮಣ್ಣಿನದು. ಮಳೆ ಬಂದರೆ ಕೆಸರು, ಬರದಿದ್ದರೆ ಸಿಮೆಂಟು. ಎರಡು ಕಂಬಗಳನ್ನು ಮೇಷ್ಟ್ರೇ ಸಾಮಿಲ್‌ನಲ್ಲಿ ನಿಂತು ಕೊಯ್ಸಿಕೊಂಡು ಬಂದಿದ್ದರು. ಶನಿವಾರದ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕಂಬದ ಪಕ್ಕ ಮೋಟು ಸ್ಟೂಲ್ ಹಾಕಿಕೊಂಡು ಉಪ್ಪುಕಾಗದದಲ್ಲಿ ಉಜ್ಜುತ್ತಾ ಕೂರೋರು. ಉಜ್ಜೋದು, ಅಂಗೈಯಲ್ಲಿ ಸವರಿ ನೋಡೋದು, ಮತ್ತೆ ಉಜ್ಜೋದು. ಒಂದು ಸಿಬಿರು ಉಳಿದರೂ ಕಂಬ ಹಿಡಿದು ತಿರುಗೋ ಹುಡುಗಿಯ ಕೈ ಸೀಳಿಹೋಗುತ್ತೆ ಅಂತ. ಕೊನೆಗೆ ಕಣ್ಣು ಮುಚ್ಚಿಕೊಂಡು ಕೆನ್ನೆ ಒತ್ತಿ ನೋಡುತ್ತಿದ್ದರು. ನಾವು ಕಿಸಕ್ಕನೆ ನಗುತ್ತಿದ್ದೆವು.

ಅವರ ರೂಮಿನಲ್ಲಿ ಪೇಪರಿನಿಂದ ಕತ್ತರಿಸಿದ ಒಂದು ಫೋಟೋ ಅಂಟಿಸಿತ್ತು. ಪಿ.ಟಿ. ಉಷಾ ಅವರದ್ದಲ್ಲ, ಉಷಾ ಅವರ ಕೋಚ್ ಒ.ಎಂ. ನಂಬಿಯಾರ್ ಅವರದ್ದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಉಷಾಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಮರುವರ್ಷ ಸರ್ಕಾರ ಕೋಚ್‌ಗಳಿಗೆ ಅಂತಲೇ ದ್ರೋಣಾಚಾರ್ಯ ಪ್ರಶಸ್ತಿ ಶುರು ಮಾಡಿದಾಗ ಮೊದಲ ಪಟ್ಟಿಯಲ್ಲೇ ನಂಬಿಯಾರ್ ಹೆಸರಿತ್ತು. "ಸೋತ ಓಟಕ್ಕೆ ಕಲಿಸಿದೋರಿಗೂ ಕೊಟ್ಟರು ನೋಡ್ರಮ್ಮ" ಅಂತ ಮೇಷ್ಟ್ರು ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು. ಉಷಾ ಬೇರೆ ಕಡೆ ಎಷ್ಟೊಂದು ಗೆದ್ದಿದ್ದರು ಅನ್ನೋದು ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಮೇಷ್ಟ್ರು ನಮ್ಮನ್ನು ಹೆಸರು ಹಿಡಿದು ಕರೆದಿದ್ದು ಕಡಿಮೆ. ಚೆಸ್ಟ್ ನಂಬರೇ ನಮ್ಮ ಹೆಸರು. ಹಳೆ ಬಿಳಿ ಪಂಚೆ ಹರಿದು, ನೀಲಿ ಬಣ್ಣದಲ್ಲಿ ನಂಬರ್ ಬರೆದು, ಎದೆಗೂ ಬೆನ್ನಿಗೂ ಪಿನ್ ಹಾಕುತ್ತಿದ್ದರು. ಕ್ಯಾಪ್ಟನ್ ಮೂರು. ನಾನು ಹನ್ನೆರಡು. ಏಳನೇ ನಂಬರಿನ ಹುಡುಗಿಯದ್ದೇ ಫಜೀತಿ. ಮೊದಲ ದಿನ ಪ್ರಾಕ್ಟೀಸಿನಲ್ಲಿ ಮೇಷ್ಟ್ರು "ಏಳು!" ಅಂತ ಕರೆದರು. ಅಂಕಣದಲ್ಲಿ ಕೂತಿದ್ದ ಎಂಟೂ ಜನ ಎದ್ದು ನಿಂತೆವು. (ಪ್ರಾಕ್ಟೀಸಿನಲ್ಲಿ ನನ್ನನ್ನೂ ಕೂರಿಸುತ್ತಿದ್ದರು.) ಮೇಷ್ಟ್ರು ಬೈದು, "ಕೂರ್ರೇ, ಏಳು ಬಾರೇ ಇಲ್ಲಿ" ಅಂದರು. ಮತ್ತೆ ಎಲ್ಲರೂ ಎದ್ದೆವು. ಅವತ್ತಿನಿಂದ ಅವಳು ಸೆವೆನ್ ಆದಳು. ಮಿಕ್ಕವರಿಗೆಲ್ಲ ಕನ್ನಡದ ನಂಬರು, ಅವಳೊಬ್ಬಳಿಗೆ ಇಂಗ್ಲಿಷು. ಅವಳಿಗೆ ಅದು ಭಾರೀ ಹೆಮ್ಮೆ.

ಸೆವೆನ್ ಜೋರಾಗಿ ಓಡುವವಳಲ್ಲ. ಡೈವ್ ಹೊಡೆಯುವವಳೂ ಅಲ್ಲ. ಅವಳಿಗೆ ಗೊತ್ತಿದ್ದದ್ದು ಖೋ ಕೊಡೋದು. ಯಾರಿಗೆ ಕೊಡಬೇಕು, ಯಾವ ಹೆಜ್ಜೆಗೆ ಕೊಡಬೇಕು ಅಂತ. ಖೋಖೋ ನೋಡೋ ಜನ ಮುಟ್ಟಿದವಳಿಗೆ ಚಪ್ಪಾಳೆ ತಟ್ಟುತ್ತಾರೆ. ಅವಳ ಬೆನ್ನ ಹಿಂದೆ ಬಂದು ಖೋ ಕೊಟ್ಟವಳು ಅಷ್ಟೊತ್ತಿಗೆ ಕುಕ್ಕರಗಾಲಲ್ಲಿ ಕೂತು ಮಾಯವಾಗಿರುತ್ತಾಳೆ. ನಮ್ಮ ಮೇಷ್ಟ್ರು ಮಾತ್ರ ಉಲ್ಟಾ. ಪ್ರತಿ ಪಂದ್ಯ ಮುಗಿದ ಮೇಲೆ ಪ್ಯಾಂಟಿನ ಜೇಬಿನಿಂದ ಒಂದೇ ಒಂದು ಕಡ್ಲೆ ಮಿಠಾಯಿ ತೆಗೆಯೋರು. "ಹನ್ನೆರಡು, ಇವತ್ತಿನ ಒಳ್ಳೇ ಖೋ ಯಾರದ್ದು, ಪುಸ್ತಕ ನೋಡಿ ಹೇಳು" ಅನ್ನೋರು. ಸ್ಕೋರ್ ಶೀಟಿನಲ್ಲಿ ಖೋ ಕೊಟ್ಟವರನ್ನು ಯಾರೂ ಬರೆಯೋದಿಲ್ಲ. ನನ್ನ ಪುಸ್ತಕದಲ್ಲಿ ಅದಕ್ಕೇ ಒಂದು ಕಾಲಮ್ ಹಾಕಿಸಿದ್ದರು. ಮಿಠಾಯಿ ಹತ್ತಕ್ಕೆ ಏಳು ಸಲ ಸೆವೆನ್‌ಗೇ ಹೋಗುತ್ತಿತ್ತು. ನಾವು ಅವಳ ಸುತ್ತ ನಿಂತು ಚೂರು ಕೇಳುತ್ತಿದ್ದೆವು. ಕೊಡುತ್ತಿರಲಿಲ್ಲ.

1994ರಲ್ಲಿ ಹೋಬಳಿ, ತಾಲ್ಲೂಕು, ಜಿಲ್ಲೆ ಮೂರೂ ಗೆದ್ದೆವು. ಆಗಿನ್ನೂ ಚಾಮರಾಜನಗರ ಬೇರೆ ಜಿಲ್ಲೆ ಆಗಿರಲಿಲ್ಲ, ಅದು ಆಗಿದ್ದು 1997ರಲ್ಲಿ. ಹಾಗಾಗಿ ಜಿಲ್ಲೆ ಗೆಲ್ಲೋದು ಅಂದರೆ ಕೊಳ್ಳೇಗಾಲದಿಂದ ಹೆಗ್ಗಡದೇವನಕೋಟೆವರೆಗಿನ ಹುಡುಗಿಯರನ್ನೆಲ್ಲ ಸೋಲಿಸಬೇಕಿತ್ತು. ಮುಂದಿನದು ಮೈಸೂರು ವಿಭಾಗ. ಅದನ್ನೂ ಗೆದ್ದರೆ ರಾಜ್ಯಮಟ್ಟ. ನಮ್ಮ ಶಾಲೆಯಿಂದ ಅಲ್ಲಿವರೆಗೆ ಯಾವ ಹುಡುಗಿಯರ ತಂಡವೂ ರಾಜ್ಯಮಟ್ಟಕ್ಕೆ ಹೋಗಿರಲಿಲ್ಲ.

ವಿಭಾಗದ ಫೈನಲ್. ಊರಿನ ಹೆಸರು ಬೇಡ. ತುಂಬಾ ಗಾಳಿ ಇದ್ದ ಮೈದಾನ ಅದು, ಶಾಮಿಯಾನ ಪಟಪಟ ಅನ್ನುತ್ತಿತ್ತು. ಕೊನೆಯ ಸರದಿಯಲ್ಲಿ ಬೆನ್ನಟ್ಟುವವರು ನಾವು. ಅವರದ್ದು 12, ನಮ್ಮದು 11. ಇನ್ನೊಂದು ಔಟ್ ಸಿಕ್ಕಿದರೆ ಸಮ, ಮತ್ತೆ ಆಡಿಸುತ್ತಾರೆ. ಅಂಕಣದಲ್ಲಿ ಉಳಿದಿದ್ದವಳು ಒಬ್ಬಳು ಉದ್ದ ಜಡೆಯ ಹುಡುಗಿ. ಕೂತವರ ನಡುವೆ ಹಾವಿನ ಹಾಗೆ ಚೈನ್ ಹಾಕಿಕೊಂಡು ಓಡುತ್ತಿದ್ದಳು. ಸೆವೆನ್ ಅವಳ ಹಿಂದೆ. ಮೂವತ್ತು ಸೆಕೆಂಡೂ ಇರಲಿಲ್ಲ. ಮೇಷ್ಟ್ರು ಗೆರೆಯ ಪಕ್ಕದಲ್ಲೇ ಓಡುತ್ತಾ ಗಂಟಲು ಹರಿಯೋ ಹಾಗೆ ಕೂಗುತ್ತಿದ್ದರು. ಸೆವೆನ್ ಬಂದಳು, ಕ್ಯಾಪ್ಟನ್ ಎದ್ದಳು, ಎರಡೇ ಹೆಜ್ಜೆ, ಜಡೆಯ ಹುಡುಗಿಯ ಭುಜಕ್ಕೆ ಫಟ್ ಅಂತ ಏಟು ಬಿತ್ತು. ನಾವು ಕುಣಿದೆವು. ನೀರಿನ ಕೊಡ ಉರುಳಿತು.

ಅಂಪೈರ್ ಸೀಟಿ ಊದಿದರು. ಖೋ ಸಿಗುವ ಮುಂಚೆ ಎದ್ದಿದ್ದಾಳೆ. ಫೌಲು. ಔಟ್ ಇಲ್ಲ.

ಮೇಷ್ಟ್ರು ಜಗಳ ಆಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಖೋ ಅಂದಿದ್ದಾಳೆ ಸ್ವಾಮಿ, ಗಾಳಿಗೆ ನಿಮಗೆ ಕೇಳಿಸಿಲ್ಲ" ಅಂತ ಕೈ ಮುಗಿದು, ಕೈ ಆಡಿಸಿ, ಮತ್ತೆ ಕೈ ಮುಗಿದು ಹೇಳಿದರು. ಅಷ್ಟರಲ್ಲಿ ಟೈಮು ಮುಗಿಯಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಮಿಠಾಯಿ ಯಾರಿಗೆ ಅಂತ ಅವತ್ತು ನನ್ನನ್ನು ಕೇಳಲೂ ಇಲ್ಲ. ಎದ್ದು ಹೋಗಿ ಸೆವೆನ್ ಕೈಗಿಟ್ಟು, "ಅದು ಈ ವರ್ಷದ ಒಳ್ಳೇ ಖೋ ಕಣಮ್ಮ" ಅಂದರು. ಅವಳು ಕಿಟಕಿ ಕಡೆ ತಿರುಗಿಕೊಂಡು ತಿಂದಳು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಕೂತಿದ್ದ ಜಾಗದಿಂದ ಕ್ಯಾಪ್ಟನ್ ಬೆನ್ನು ನೇರಕ್ಕೆ ಕಾಣುತ್ತಿತ್ತು. ಸೆವೆನ್ ಕೈ ತಗಲುವ ಮುಂಚೆಯೇ ಅವಳ ಹಿಮ್ಮಡಿ ನೆಲ ಬಿಟ್ಟಿತ್ತು. ನೋಟ್‌ಬುಕ್‌ನಲ್ಲಿ "ಫೌಲು" ಅಂತಲೇ ಬರೆದೆ. ಮೇಷ್ಟ್ರಿಗೆ ತೋರಿಸಲಿಲ್ಲ.

ಮೂವತ್ತೊಂದು ವರ್ಷ ಆಯಿತು. ಕ್ಯಾಪ್ಟನ್ ಆಮೇಲೆ ಕಾಲೇಜಿನಿಂದ ರಾಜ್ಯಕ್ಕೆ ಆಡಿ, ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸಕ್ಕೆ ಸೇರಿದಳು. ಸೆವೆನ್ ಬಸ್ ಸ್ಟ್ಯಾಂಡ್ ಹತ್ತಿರ ಹೂವಿನಂಗಡಿ ಇಟ್ಟುಕೊಂಡಿದ್ದಾಳೆ. ಸನ್ಮಾನದ ಪಟ್ಟಿ ಮಾಡುವಾಗ ಸಂಘದವರು "ರಾಜ್ಯಮಟ್ಟ ಆಡಿದವರು ಮಾತ್ರ" ಅಂತ ಗೆರೆ ಹಾಕಿದರು. ಎಲ್ಲಾದರೂ ಒಂದು ಗೆರೆ ಹಾಕಲೇಬೇಕಲ್ಲ, ಇಲ್ಲದಿದ್ದರೆ ಶಾಲು ಸಾಲೋದಿಲ್ಲ. ನನ್ನ ಪುಸ್ತಕದ ಆ ಕಾಲಮ್ ತೋರಿಸಿದೆ. "ಇದಕ್ಕೆ ಸರ್ಟಿಫಿಕೇಟ್ ಇದೆಯಾ ಮೇಡಂ?" ಅಂದರು. ಇರಲಿಲ್ಲ. ಸೆವೆನ್ ಸಮಾರಂಭಕ್ಕೆ ಬಂದಳು, ಆದರೆ ಹಾರ ತಂದುಕೊಡೋಕೆ. ಎಲ್ಲಾ ಹಾರಗಳ ಆರ್ಡರ್ ಅವಳಿಗೇ ಸಿಕ್ಕಿತ್ತು. ಅಷ್ಟರಮಟ್ಟಿಗೆ ನನ್ನ ಮಾತು ನಡೆಯಿತು.

ಸಮಾರಂಭ ಇಟ್ಟಿದ್ದು ಆಗಸ್ಟ್ 29ಕ್ಕೆ, ಧ್ಯಾನ್‌ಚಂದ್ ಹುಟ್ಟಿದ ದಿನ. ಎರಡು ದಿನದ ಹಿಂದಷ್ಟೇ ಗಣೇಶನ ಹಬ್ಬ. ಪೆಂಡಾಲಿನ ಮೈಕನ್ನೇ ಎರವಲು ತಂದಿದ್ದರು. ಭಾಷಣಗಳು ಒಂದೂಮುಕ್ಕಾಲು ಗಂಟೆ. ಅದರಲ್ಲಿ ಕ್ರಿಕೆಟ್ ಬಗ್ಗೆಯೇ ಅರ್ಧ ಗಂಟೆ ಇದ್ದಿರಬೇಕು. ಸನ್ಮಾನ ಮಾತ್ರ ಖೋಖೋದ ಒಂದು ಸರದಿಯಷ್ಟು ಹೊತ್ತೂ ನಡೆಯಲಿಲ್ಲ. ಜಾವೆಲಿನ್ ಎಸೆಯುತ್ತಿದ್ದ ಅಣ್ಣನೊಬ್ಬ ಈಗ ಕನ್ನಡಕ ಹಾಕಿಕೊಂಡು ಬಂದಿದ್ದ. ಯೂನಿಫಾರ್ಮಿನಲ್ಲೇ ಬಂದಿದ್ದ ಕ್ಯಾಪ್ಟನ್‌ಗೆ ಜೋರು ಶಿಳ್ಳೆ ಬಿತ್ತು. ಕೊನೆಗೆ ಮೇಷ್ಟ್ರು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಪೇಟ ಸ್ವಲ್ಪ ದೊಡ್ಡದಾಗಿ ಹುಬ್ಬಿನವರೆಗೂ ಇಳಿದಿತ್ತು. ಎರಡು ಮಾತಾಡಿ ಸರ್ ಅಂತ ಮೈಕ್ ಕೊಟ್ಟರೆ, "ಅಂಕಣದ ಸುಣ್ಣ ಸರಿಯಾಗಿ ಬಿದ್ದಿಲ್ಲ, ನಾಳೆ ಮತ್ತೆ ಹಾಕ್ಸಿ" ಅಂತ ಹೇಳಿ ಇಳಿದುಬಿಟ್ಟರು.

ಇಳಿದವರು ನೇರ ಅಂಕಣಕ್ಕೇ ಹೋದರು. ನಾವು ಹಳಬರು ಹಿಂದೆಯೇ ಹೋದೆವು. ಈಗಿನ ತಂಡದ ಹುಡುಗಿಯರೂ ಬಂದರು. ಮೇಷ್ಟ್ರು ಕಂಬ ಸವರಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಹನ್ನೆರಡು, ಪುಸ್ತಕ ತಂದಿದ್ದೀಯಂತೆ. ಆ ಫೈನಲ್ ತೆಗಿ" ಅಂದರು.

ತೆಗೆದೆ. ಓದಿದರು. ಪೇಟ ಹಿಂದಕ್ಕೆ ತಳ್ಳಿಕೊಂಡು ಇನ್ನೊಂದು ಸಲ ಓದಿದರು.

"ಫೌಲು ಅಂತ ಬರೆದಿದ್ದೀಯ."

"ಹೂಂ ಸರ್. ಮೊದಲೇ ಎದ್ದಳು."

"ನೀನು ಕೂತಿದ್ದು ಎಲ್ಲಿ? ಗಾಳಿ ಯಾವ ಕಡೆಗಿತ್ತು?" ಅಂದವರೇ ಹಣ್ಣಿನ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಎಂಟು ಹುಡುಗಿಯರನ್ನು ಸಾಲಾಗಿ ಕೂರಿಸಿದರು. ಒಬ್ಬಳನ್ನು ಸೆವೆನ್ ಮಾಡಿದರು, ಒಬ್ಬಳನ್ನು ಕ್ಯಾಪ್ಟನ್ ಮಾಡಿದರು. ಶಾಲು ಹೊದ್ದುಕೊಂಡೇ ಅಂಪೈರ್ ನಿಂತಿದ್ದ ಜಾಗದಲ್ಲಿ ನಿಂತು, "ಇಲ್ಲಿಗೆ ಖೋ ಕೇಳಿಸೋದು ತಡ ಆಗುತ್ತೆ. ಅವಳು ಅಂದಿದ್ದಳು. ನನ್ನ ಕಿವಿಯಾರೆ ಕೇಳಿದ್ದೀನಿ" ಅಂದರು. ಅತ್ತ ಫೋಟೋದವನು ಗ್ರೂಪ್ ಫೋಟೋಗೆ ಬನ್ನಿ ಅಂತ ಕೂಗುತ್ತಿದ್ದ. ನಮಗೆ ಕೇಳಿಸಲಿಲ್ಲ ಅಂತ ಇಟ್ಟುಕೊಳ್ಳಿ.

ಸೆವೆನ್ ಖಾಲಿಯಾದ ಹೂವಿನ ಮಂಕರಿ ಸೊಂಟಕ್ಕಿಟ್ಟುಕೊಂಡು ಗೆರೆಯ ಆಚೆ ನಿಂತಿದ್ದಳು. ಮೇಷ್ಟ್ರು ಅವಳನ್ನೇ ಸಾಕ್ಷಿಗೆ ಕರೆದರು. "ನೀನೇ ಹೇಳಮ್ಮ. ಖೋ ಅಂದೆಯೋ ಇಲ್ವೋ?"

"ಎಲ್ಲಿ ಅಂದೆ ಸಾರ್, ಉಸಿರೇ ಇರ್ಲಿಲ್ಲ" ಅಂದಳು ಸೆವೆನ್. "ಸುಮ್ನೆ ಬೆನ್ನು ಮುಟ್ಟಿದೆ, ಅಷ್ಟೆ. ಅಷ್ಟೊತ್ತಿಗೆ ಇವಳು ಎದ್ದಾಗಿತ್ತು."

"ಖೋ ಇಲ್ದೆ ಇವಳು ಹೆಂಗೆ ಎದ್ಲು?"

ಕ್ಯಾಪ್ಟನ್ ಟೋಪಿ ಕಂಕುಳಲ್ಲಿ ಇಟ್ಟುಕೊಂಡು ನಗು ತಡೆಯೋಕೆ ನೋಡುತ್ತಿದ್ದಳು. ಆಗಲಿಲ್ಲ.

"ನೀವು ಕೂಗಿದ್ರಲ್ಲ ಸಾರ್" ಅಂದಳು ಸೆವೆನ್. "ಅವತ್ತು ಅವಸರದಲ್ಲಿ ಸೆವೆನ್ ಅನ್ನೋದು ಮರ್ತುಬಿಟ್ರಿ. ಏಳು, ಏಳು ಅಂತ ಕೂಗಿದ್ರಿ. ಇವಳು ಎದ್ಲು."

ಮೇಷ್ಟ್ರು ಏನೂ ಅನ್ನಲಿಲ್ಲ. ಪೇಟ ತೆಗೆದು ಕಂಬದ ಮೇಲಿಟ್ಟರು. ಕೂತ ಹುಡುಗಿಯರು ಇನ್ನೂ ಕೂತೇ ಇದ್ದರು, ಯಾರೂ ಖೋ ಕೊಟ್ಟಿರಲಿಲ್ಲವಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು:

"ಮತ್ತೆ ಮಿಠಾಯಿ ಯಾಕೆ ಇಸ್ಕೊಂಡೆ?"

"ಕೊಟ್ರಲ್ಲ ಸಾರ್, ತಿಂದೆ" ಅಂದಳು ಸೆವೆನ್.